ಗಂಜಿ ಬಟ್ಟಲಿನ ಕಿವಿ

ನೀರಜಾ ಬಟ್ಟಲನ್ನು ಕೆನ್ನೆಯ ಹತ್ತಿರ ಹಿಡಿದುಕೊಂಡು ಅದರ ಹಿಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು.

"ಸುಮ್ನಿರಿ ಆಂಟಿ, ಉಸಿರು ಕೂಡ ಬಿಡ್ಬೇಡಿ. ಈಗ ಕೂಗುತ್ತೆ ನೋಡಿ."

ಮೇಜಿನ ಆಚೆ ಬದಿಗೆ ಕೂತು ಬಟಾಣಿ ಸುಲಿಯುತ್ತಿದ್ದ ಶಾಂತಾಬಾಯಿ ಕೈ ನಿಲ್ಲಿಸಿದರು. "ಭಾಂಡೆ ಕೂಗ್ತೈತಂತ! ನಿಮ್ಮ ಮೈಸೂರು ಮಂದಿ ಏನರೆ ಒಂದು ಹೇಳ್ತೀರಿ ಬಿಡವಾ."

ನೀರಜಾ ಇನ್ನೊಂದಿಷ್ಟು ಒತ್ತಿದಳು. ಟಿಕ್ ಅಂದಿತು. ಅದು ಕೂಗಲ್ಲ. ಕೂಗು ಅಂದರೆ ಒಣಗಿದ ಎಲೆಯನ್ನು ಅಂಗೈಯಲ್ಲಿ ಹಿಸುಕಿದ ಹಾಗೆ ಚಿರಚಿರ ಅನ್ನಬೇಕು. ಇದು ಚಿಲಕ ಬಿದ್ದ ಹಾಗೆ ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಬಟ್ಟಲು ಅವಳ ಎಡಗೈಯಲ್ಲಿ ಉಳಿಯಿತು, ಹಿಡಿ ಬಲಗೈಗೆ ಬಂತು.

ಕೆರೊಲೈನಾದ ಡರ್ಹಮ್ಮಿನ ಆ ದೊಡ್ಡ ಮನೆಯ ಊಟದ ಕೋಣೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲು ಚೆಲ್ಲಿತ್ತು. ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ, ಇನ್ನೂರು ವರ್ಷಗಳ ಹಿಂದೆ ಈ ದೇಶದ ಜನ ಉಂಡ ತಟ್ಟೆಗಳು, ಬಿಯರ್ ಕುಡಿದ ಮಗ್ಗುಗಳು, ಉಪ್ಪಿನ ಬಟ್ಟಲುಗಳು, ಚಮಚಗಳು ಎಲ್ಲವನ್ನೂ ಹರಡಿದ್ದರು. ಚಮಚಗಳು ಬೆಳ್ಳಿಯವು, ಮಿಕ್ಕದ್ದೆಲ್ಲ ಪ್ಯೂಟರ್. ಪ್ಯೂಟರ್ ಅಂದರೆ ಬೇರೇನಲ್ಲ, ನಮ್ಮ ಸಾರಿನ ಚೊಂಬಿನ ಈಯವೇ. ಗಟ್ಟಿಯಾಗಲಿ ಅಂತಲೋ ಅಗ್ಗವಾಗಲಿ ಅಂತಲೋ ಅದಕ್ಕೆ ಚೂರು ತಾಮ್ರವನ್ನೋ ಸೀಸವನ್ನೋ ಬೆರೆಸಿರುತ್ತಾರೆ. ಬೆಳ್ಳಿ ಕೊಳ್ಳಲಾಗದವರ ಮನೆಯ ಬೆಳ್ಳಿ ಅದು. ಇದೆಲ್ಲ ಹೃದಯದ ಡಾಕ್ಟರಾದ ಬಸವಂತಪ್ಪನವರು ವರ್ಷಗಟ್ಟಲೆ ಹರಾಜಿನಿಂದ ಹರಾಜಿಗೆ ಅಲೆದು ಕೂಡಿಟ್ಟದ್ದು. ಈಗ ವಾಷಿಂಗ್ಟನ್ನಿಗೆ ಹತ್ತಿರದ, ವರ್ಜೀನಿಯಾದ ಒಂದು ಮ್ಯೂಸಿಯಮ್ಮಿಗೆ ಹೊರಟು ನಿಂತಿತ್ತು. ಅಲ್ಲಿ ಒಂದು ಕೋಣೆಗೆ ಡಾಕ್ಟರ ಹೆಸರಿಡುತ್ತಾರೆ. ಆ ಕೋಣೆಯ ನಟ್ಟನಡುವೆ, ಬೇರೆ ಯಾವ ಪಾತ್ರೆಯ ಜೊತೆಯೂ ಇಲ್ಲದೆ, ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಒಂದಾಗಿ ಕೂರಬೇಕಾದ್ದು ಈ ಗಂಜಿ ಬಟ್ಟಲು.

ಅಂಗೈಯಗಲದ ಬಟ್ಟಲು. ಮಕ್ಕಳಿಗೆ, ಕಾಯಿಲೆ ಬಿದ್ದವರಿಗೆ ಗಂಜಿ ಕುಡಿಸುತ್ತಿದ್ದದ್ದು. ಒಂದೇ ಪಕ್ಕಕ್ಕೆ ಕಿವಿಯ ಹಾಗೆ ಚಾಚಿಕೊಂಡ ಚಪ್ಪಟೆ ಹಿಡಿ, ಅದರಲ್ಲಿ ಕೊರೆದ ಬಳ್ಳಿ. ಕಿವಿಯ ಬೆನ್ನಿಗೆ ಪುಟ್ಟದೊಂದು ಠಸ್ಸೆ: ಒಂದು ಹಕ್ಕಿ, ಅದರ ಕಾಲ ಕೆಳಗೆ ಎರಡು ಅಕ್ಷರ. ಕೆರೊಲೈನಾದ ಒಳನಾಡಿನಲ್ಲಿ ಈಯದ ಕೆಲಸ ಮಾಡುತ್ತಿದ್ದ ಒಬ್ಬನ ಗುರುತು ಅದು, ಅವನ ಬಟ್ಟಲು ಇಡೀ ಲೋಕದಲ್ಲಿ ಇದೊಂದೇ ಉಳಿದಿದೆ ಎಂದು ಹೇಳಿ ಅಟ್ಲಾಂಟಾದ ವ್ಯಾಪಾರಿಯೊಬ್ಬ ಡಾಕ್ಟರಿಗೆ ಮಾರಿದ್ದ.

ಅಂಥದ್ದನ್ನು ನೀರಜಾ ಒತ್ತಿ ನೋಡಿದ್ದಳು. ಅವಳೇನೂ ಅರಿಯದವಳಲ್ಲ. ಮೈಸೂರಿನಲ್ಲಿ ಲೋಹಶಾಸ್ತ್ರ ಓದಿ, ಬೆಂಗಳೂರಿನಲ್ಲಿ ಹಳೆಯ ಕಂಚಿನ ವಿಗ್ರಹಗಳಿಗೆ ಚಿಕಿತ್ಸೆ ಮಾಡುವ ಲ್ಯಾಬೊಂದರಲ್ಲಿ ದುಡಿದವಳು. ಅಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ತಾನೇ ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದಳು. ಆದರೆ ಶಾಂತಾಬಾಯಿ, "ಈಯಾ ಈಯಾ ಅಂತೀರಲ್ಲ, ಏನೈತವಾ ಅದರಾಗ ಅಂಥಾದ್ದು?" ಎಂದು ಕೇಳಿದ್ದರು. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ದೇವರಾಜ ಮಾರುಕಟ್ಟೆಯ ಪಾತ್ರೆ ಅಂಗಡಿಯಲ್ಲಿ ಅಜ್ಜಿ ಈಯದ ಚೊಂಬನ್ನು ಕಿವಿಗೆ ಹಿಡಿದು ಅಂಚು ಅಮುಕಿ, "ಹ್ಞಾಂ, ಕೂಗ್ತು, ಇದನ್ನ ಕಟ್ಟಪ್ಪ" ಎನ್ನುತ್ತಿದ್ದದ್ದು ಅವಳ ಕೈಗೆ ನೆನಪಾಯಿತು. ತಲೆಗೆ ನೆನಪಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅಪ್ಪಟ ಈಯ ಬಾಗಿದರೆ ಕೂಗುತ್ತದೆ, ಸೀಸದ ಕಲಬೆರಕೆ ಮೂಗನ ಹಾಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಷ್ಟನ್ನು ತೋರಿಸಿ ಮೆಚ್ಚಿಸಬೇಕು ಅನ್ನುವ ಚಪಲ.

"ಏನಾತು? ಏನು ಬಿತ್ತು?" ಪಕ್ಕದ ಕೋಣೆಯಿಂದ ಬಸವಂತಪ್ಪನವರು ಬಂದರು. ಕನ್ನಡಕ ಹಣೆಗೇರಿಸಿದ್ದರು.

"ಬಿದ್ದಿಲ್ಲ ಅಂಕಲ್. ನಾನೇ... ಒತ್ತಿದೆ."

"ಒತ್ತಿದೆ ಅಂದ್ರ?"

"ಈಯಾ ಕೂಗ್ತೈತಿ, ಕೇಳಸ್ತೀನಿ ಅಂದ್ಳು," ಎಂದರು ಶಾಂತಾಬಾಯಿ. "ನಾನ ಕೇಳಿದ್ದು. ಆಕಿಗೆ ಬೈಬ್ಯಾಡ್ರಿ."

"ಕೂಗಿತೇನು?"

"ಇಲ್ಲ."

"ಹಂಗಾರ ಈಗ ನಾ ಕೂಗ್ತೀನಿ, ಕೇಳ್ರಿ ಇಬ್ರೂ."

ಆದರೆ ಅವರು ಕೂಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಎರಡು ತುಂಡುಗಳನ್ನೂ ತೊಡೆಯ ಮೇಲಿಟ್ಟುಕೊಂಡು, ರೋಗಿಯ ಎದೆ ಮುಟ್ಟುವ ಹಾಗೆ ಎರಡು ಬೆರಳಿನಿಂದ ಮುಟ್ಟಿದರು. ನೀರಜಾಗೆ ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಬಟ್ಟಲಿನ ಪಕ್ಕೆಯಲ್ಲಿ, ಕಿವಿ ಕಿತ್ತು ಬಂದ ಜಾಗ ಅವಳ ಕಣ್ಣಿಗೆ ಬಿತ್ತು. ಅವಳು ಎದ್ದು ಹತ್ತಿರ ಹೋದಳು. ಬಗ್ಗಿದಳು. ಅಳು ಹೋಯಿತು.

"ಅಂಕಲ್, ಇದು ಮುರಿದಿಲ್ಲ. ಬಿಟ್ಕೊಂಡಿದೆ. ನೋಡಿ, ಎರಡೂ ಕಡೆ ಎಷ್ಟು ನುಣ್ಣಗಿದೆ. ಇಲ್ಲಿ ಹೊಳೀತಿದ್ಯಲ್ಲ, ಇದು ಹೊಸ ಬೆಸುಗೆ."

"ಯಾವಾಗರೆ ರಿಪೇರಿ ಮಾಡಿರ್ತಾರ."

"ರಿಪೇರಿ ಅಲ್ಲ. ಆಗಿನೋರು ಕಿವೀನ ಬೇರೆ ಮಾಡಿ ಅಂಟಿಸ್ತಿರ್ಲಿಲ್ಲ. ಬಟ್ಟಲಿನ ಪಕ್ಕಕ್ಕೆ ಅಚ್ಚು ಒತ್ತಿ ಹಿಡಿದು, ಕಾದ ಲೋಹಾನ ಅಲ್ಲೇ ಹುಯ್ತಿದ್ರು. ಬಟ್ಟಲು ಕರಗಿ ತೂತು ಬೀಳಬಾರ್ದಲ್ಲ, ಅದಕ್ಕೆ ಒಳಗಡೆಯಿಂದ ಇನ್ನೊಬ್ಬ ಮರಳು ತುಂಬಿದ ಬಟ್ಟೆ ಗಂಟು ಒತ್ಕೊಂಡು ನಿಂತಿರ್ತಿದ್ದ. ಆ ಬಿಸಿಗೆ ಒಳಗೋಡೆ ಮೆತ್ತಗಾಗಿ ಬಟ್ಟೆಯ ನೇಯ್ಗೆ ಹಾಗೇ ಅಚ್ಚು ಬೀಳುತ್ತೆ. ಎಳೆ ಎಳೆ ಕಾಣುತ್ತೆ, ಕೈಯಲ್ಲಿ ನೂತ ಒರಟು ನೂಲು. ನಾನು ಮೊದಲ ಸಲ ಬಂದಾಗಿಂದ ಇದರಲ್ಲಿ ಆ ಗುರುತು ಹುಡುಕ್ತಾನೇ ಇದೀನಿ. ತಿಕ್ಕಿ ತಿಕ್ಕಿ ಅಳಿಸಿಹೋಗಿರ್ಬೇಕು ಅಂತ ನೀವಂದ್ರಿ, ನಾನೂ ನಂಬಿದೆ. ಅಳಿಸಿಲ್ಲ ಅಂಕಲ್. ಇರ್ಲೇ ಇಲ್ಲ."

"ಅಂದ್ರ ಖೊಟ್ಟಿ ಅಂತಿ."

"ಕಿವಿ ಖೊಟ್ಟಿ ಅಲ್ಲ. ಅದು ನಿಜವಾಗ್ಲೂ ಹಳೇದು, ಠಸ್ಸೆನೂ ನಿಜ. ಎಲ್ಲೋ ಹಾಳಾದ ಬಟ್ಟಲಿನ ಕಿವಿ ತಂದು ನಿನ್ನೆ ಮೊನ್ನೆಯ ಬಟ್ಟಲಿಗೆ ಬೆಸೆದಿದಾರೆ. ಬಟ್ಟಲಿಗೆ ಕಪ್ಪು ಹಿಡಿಸಿದಾರೆ ಅಷ್ಟೆ."

ಬಸವಂತಪ್ಪನವರು ಕಿಟಕಿಯ ಕಡೆ ನೋಡಿದರು. ಹೊರಗೆ ಹೂಬಿಟ್ಟ ಡಾಗ್‌ವುಡ್ ಗಿಡದ ಕೆಳಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಆ ಯಂತ್ರದ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು.

"ಅಟ್ಲಾಂಟಾದವನಿಗೆ ಫೋನ್ ಮಾಡಿ ಅಂಕಲ್," ಎಂದಳು ನೀರಜಾ. "ನಿಮಗೆ ಮೋಸ ಮಾಡಿದಾನೆ."

"ಮಾಡಿ? ಇಂಡಿಯನ್ ಡಾಕ್ಟರ್‌ಗೆ ಟೋಪಿ ಹಾಕಿದ್ವಿ ಅಂತ ಅವ ಊರ ತುಂಬ ಹೇಳಿ ನಗ್ಲೇನು?" ಅವರ ದನಿ ಏರಲಿಲ್ಲ. "ನಾ ಮೊದಲ ಆಕ್ಷನ್ನಿಗೆ ಹೋದಾಗ, ಬಾಗಿಲದಾಗ ನಿಂತಿದ್ದೆ, ಒಬ್ಬಾಕಿ ತನ್ನ ಕಾರಿನ ಚಾವಿ ನನ್ನ ಕೈಯಾಗ ಇಟ್ಟು ಹೋದ್ಳು. ಪಾರ್ಕ್ ಮಾಡು ಅಂತ. ಗೊತ್ತೈತೇನು? ಸೂಟ್ ಹಾಕ್ಕೊಂಡಿದ್ದೆ ನಾ."

"ಮಾಡಿ ಬಂದ್ರು," ಎಂದರು ಶಾಂತಾಬಾಯಿ, ಬಟಾಣಿಯ ಕಡೆಗೇ ನೋಡುತ್ತ.

"ಏನು?"

"ಕಾರು. ಪಾರ್ಕ್ ಮಾಡಿ ಬಂದ್ರಿ. ಅದನ್ನ ಯಾವಾಗಲೂ ಬಿಟ್ಟು ಹೇಳ್ತೀರಿ."

ಡಾಕ್ಟರು ಹೆಂಡತಿಯನ್ನು ಒಮ್ಮೆ ನೋಡಿ ಮುಂದುವರಿಸಿದರು. "ಹೌದು, ಮಾಡಿ ಬಂದೆ. ಒಳಗ ಬಂದು ಆಕಿ ಕೈ ಹಾಕಿದ ತಾಟು ಆಕಿಗೆ ಸಿಗದಂಗ ಮಾಡಿದೆ. ಈಗ ಇವರ ಮುತ್ತಜ್ಜಿ ಉಂಡ ತಾಟು ನನ್ನ ಮನ್ಯಾಗ ಅದಾವ. ನೋಡಬೇಕಂದ್ರ ಇವರು ನನ್ನ ಬಾಗಿಲ ಬಡೀಬೇಕು. ಆ ಮ್ಯೂಸಿಯಂ ಮಂದಿ ಈ ಒಂದು ಬಟ್ಟಲ ಸಲುವಾಗಿ ಬಂದಾರ, ತಿಳಕೋ. ಇದು ಇಲ್ಲಂದ್ರ ಮಿಕ್ಕಿದ್ದು ಅವರಿಗೆ ಬ್ಯಾಡ. ಕೋಣಿ ಇಲ್ಲ. ಕೋಣಿ ಇಲ್ಲಂದ್ರ ನಿನ್ನ ಕೆಲಸಾನೂ ಇಲ್ಲ."

ಅದು ನಿಜ. ಅದೇ ಮಾತು ಕೋಣೆಯೊಳಗೆ ಬಂದು ಕೂತಿತು.

ನೀರಜಾ ಗಂಡನ ವೀಸಾದ ನೆರಳಲ್ಲಿ, ವಾಷಿಂಗ್ಟನ್ನಿನ ಪಕ್ಕದ ಗೈದರ್ಸ್‌ಬರ್ಗಿಗೆ ಬಂದವಳು. ಎಚ್-ಫೋರ್ ಅಂದರೆ ಉಸಿರಾಡಬಹುದು, ದುಡಿಯುವ ಹಾಗಿಲ್ಲ. ಲೈಬ್ರರಿಯಲ್ಲಿ ಬಿಟ್ಟಿ ಪುಸ್ತಕ ಜೋಡಿಸಿದ್ದಳು, ಬೇರೆಯವರ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಟ್ಟಿದ್ದಳು. ಕನ್ನಡ ಕೂಟದ ಯುಗಾದಿ ಊಟಕ್ಕೆ ಡರ್ಹಮ್ಮಿನಿಂದ ಬಂದು ಎದುರು ಕೂತ ಬಸವಂತಪ್ಪನವರು ಬೆಳ್ಳಿ, ಈಯ ಅಂತ ಶುರುಮಾಡಿದಾಗ ಅವಳು ಹೋಳಿಗೆ ಬಿಟ್ಟು ಮಾತಿಗೆ ಬಿದ್ದಳು. ಆಮೇಲಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಡರ್ಹಮ್ಮಿಗೆ ಬಂದು, ಅವರ ಮನೆಯಲ್ಲೇ ಉಳಿದು, ಪ್ರತಿಯೊಂದು ಪಾತ್ರೆಯನ್ನೂ ಒರೆಸಿ, ತೂಗಿ, ಅಳೆದು, ಗಾಜಿನ ಪೆಟ್ಟಿಗೆಯ ಮುಂದೆ ಅಂಟಿಸಬೇಕಾದ ಚೀಟಿಗಳನ್ನೆಲ್ಲ ಬರೆದಿದ್ದಳು. ಸಂಬಳವಿಲ್ಲ. ಕೇಳಿರಲೂ ಇಲ್ಲ, ಹಿರಿಯರು, ಮನೆಯಲ್ಲಿಟ್ಟು ಊಟ ಹಾಕುವವರು, ಅವರ ಮುಂದೆ ಆ ಮಾತು ತೆಗೆಯುವುದು ಹೇಗೆ? ಡಾಕ್ಟರೇ ಹೇಳಿದ್ದರು. ಕೋಣೆಯನ್ನು ನೋಡಿಕೊಳ್ಳಲು ಒಬ್ಬರು ಬೇಕು, ಅವರ ಸಂಬಳ ನನ್ನ ದತ್ತಿಯಿಂದ, ಆ ಒಬ್ಬರು ನೀನೇ, ವೀಸಾ ಮ್ಯೂಸಿಯಮ್ಮಿನದು. ಸ್ವಂತ ವೀಸಾ. ಆ ಪದ ನೆನೆದಾಗೆಲ್ಲ ಅವಳಿಗೆ ಯಾಕೋ ಹೊಸ ಚಪ್ಪಲಿಯ ವಾಸನೆ ಬಂದಂತಾಗುತ್ತಿತ್ತು.

ಒಂದು ಸಲ ಮಾತ್ರ ತಕರಾರು ಬಂದಿತ್ತು. ಬೆಳ್ಳಿ ಚಮಚಗಳು ಚಾರ್ಲ್ಸ್‌ಟನ್ನಿನವು. ಬೆನ್ನಿಗೆ ಅಂಗಡಿಯ ಯಜಮಾನನ ಹೆಸರು, ಹಿಡಿಯ ಮುಂದೆ ಕೊಂಡವರ ಮನೆತನದ ಅಕ್ಷರ. ಆ ಊರಿನ ಅಕ್ಕಸಾಲಿ ಅಂಗಡಿಗಳಲ್ಲಿ ಸುತ್ತಿಗೆ ಹಿಡಿದು ಬಡಿಯುತ್ತಿದ್ದವರಲ್ಲಿ ಗುಲಾಮರೂ ಇದ್ದರು. ನೀರಜಾ ಚೀಟಿಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದಳು: ಇದನ್ನು ಬಡಿದ ಕೈಗಳಿಗೆ ತಮ್ಮ ಹೆಸರನ್ನು ಒತ್ತುವ ಹಕ್ಕು ಇರಲಿಲ್ಲ. ಬಸವಂತಪ್ಪನವರು ಓದಿ, ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದಿದ್ದರು. "ಖರೇ ಐತಿ. ಆದ್ರ ನಾವು ಹೇಳೂದು ಬ್ಯಾಡ. ಬಂದವರಿಗೆ ಮುಜುಗರ ಆಗ್ತೈತಿ. ಅವರ ಮನಿ ಹೊಲಸು ಅವರ ಹೇಳ್ಲಿ." ನೀರಜಾ ಹೂಂ ಅಂದಿದ್ದಳು. ಒಂದು ಸಾಲು ತಾನೆ.

ಈಗ ಅವರು ಎದ್ದು ಗೋಡೆಯ ಫೋನ್ ತೆಗೆದುಕೊಂಡರು. ಮ್ಯೂಸಿಯಮ್ಮಿನಲ್ಲಿ ಆ ವಿಭಾಗ ನೋಡಿಕೊಳ್ಳುವ ಮಿಸೆಸ್ ಕಾಲ್ಡ್‌ವೆಲ್ ಅವರ ಜೊತೆ ಆಸ್ಪತ್ರೆಯಲ್ಲಿ ಮಾತಾಡುವ ನಯವಾದ ಇಂಗ್ಲಿಷಿನಲ್ಲಿ ಮಾತಾಡಿದರು. ಒಂದು ಚಿಕ್ಕ ಅಚಾತುರ್ಯ ಆಗಿದೆ. ಗಾಬರಿ ಬೇಡ. ಒರೆಸುವಾಗ ನಮ್ಮ ಹುಡುಗಿಯೊಬ್ಬಳ ಕೈಯಲ್ಲಿ ಹಿಡಿ ಸ್ವಲ್ಪ ಸಡಿಲವಾಯಿತು. ಇಲ್ಲೇ ಪಕ್ಕದ ಊರು ರಾಲಿಯಲ್ಲಿ ನನಗೊಬ್ಬ ಒಳ್ಳೆಯ ಕೆಲಸಗಾರ ಗೊತ್ತು. ಹೌದು, ಹೌದು, ಹುಡುಗಿಗೆ ಹೇಳಿದ್ದೇನೆ, ಇನ್ನು ಮುಟ್ಟುವುದಿಲ್ಲ.

ಫೋನ್ ಇಟ್ಟ ಮೇಲೆ ಅವರು ನೀರಜಾಳ ಮುಖ ನೋಡಲಿಲ್ಲ. "ಊಟಕ್ಕ ಬರ್ರಿ," ಎಂದರು. "ಶಾಂತಾ, ರೊಟ್ಟಿ ಆರ್ತಾವ."

*

"ನೀರೂ, ಅವರ ಬಟ್ಟಲು, ಅವರ ಮ್ಯೂಸಿಯಂ, ಅವರ ದುಡ್ಡು," ಎಂದ ಗಂಡ ಧೀರಜ್. "ನಿಂದೇನು?"

ಗೈದರ್ಸ್‌ಬರ್ಗಿನ ಅಪಾರ್ಟ್‌ಮೆಂಟಿನ ಅಡುಗೆಮನೆ ಇಬ್ಬರು ನಿಂತರೆ ತುಂಬಿಹೋಗುತ್ತಿತ್ತು. ಧೀರಜ್ ಫ್ರಿಜ್ಜಿಗೆ ಒರಗಿ ನಿಂತಿದ್ದ, ಆಫೀಸಿನ ಬ್ಯಾಡ್ಜ್ ಇನ್ನೂ ಸೊಂಟದಲ್ಲೇ ಇತ್ತು. ನೀರಜಾ ಈಯದ ಚೊಂಬಿಗೆ ಹುಣಸೆರಸ ಹುಯ್ಯುತ್ತಿದ್ದಳು. ಇಲ್ಲಿನ ಕರೆಂಟಿನ ಸುರುಳಿ ಒಲೆಯ ಮೇಲೆ ಒಮ್ಮೆಯಾದರೂ ಈಯದ ಚೊಂಬನ್ನು ಕರಗಿಸಿಕೊಳ್ಳದ ಮೈಸೂರಿನ ಹೆಂಗಸಿಲ್ಲ. ಆರಿಸಿದ ಮೇಲೂ ಆ ಒಲೆ ಕೆಂಪಗೆ ಹೊಂಚು ಹಾಕುತ್ತಿರುತ್ತದೆ. ನೀರಿಲ್ಲದ ಚೊಂಬನ್ನು ಮರೆತು ಇಟ್ಟರೆ ತಿರುಗಿ ನೋಡುವಷ್ಟರಲ್ಲಿ ತಳ ಹೋಗಿ ಬೆಳ್ಳಗೆ ಹರಿದಿರುತ್ತದೆ. ನೀರಜಾಳ ಚೊಂಬು ಮಾತ್ರ ಇನ್ನೂ ಉಳಿದಿತ್ತು. ಅಜ್ಜಿ ಅಮುಕಿ ಆರಿಸಿದ್ದು.

"ಆ ಬಟ್ಟಲಿನ ಬಗ್ಗೆ ಚೀಟಿ ಬರೆದಿರೋಳು ನಾನು."

"ಅದರ ಮೇಲೆ ನಿನ್ನ ಹೆಸರಿದ್ಯಾ?"

ಅವಳು ಚೊಂಬಿನೊಳಗೆ ಸೌಟು ತಿರುವಿದಳು.

"ಇಲ್ಲ ತಾನೆ? ಮತ್ತೆ? ನಾನು ಬರೆಯೋ ಕೋಡ್‌ನಲ್ಲಿ ಎಷ್ಟು ಬಗ್ ಇರುತ್ತೆ ಅಂತ ಗೊತ್ತಾ? ಮ್ಯಾನೇಜರ್ ಶಿಪ್ ಮಾಡು ಅಂತಾನೆ, ಮಾಡ್ತೀನಿ. ಆಮೇಲೆ ಬಂದು ಮಲಗ್ತೀನಿ. ಚೆನ್ನಾಗಿ ನಿದ್ದೆ ಬರುತ್ತೆ."

"ಬರುತ್ತೆ. ಗೊರಕೇನೂ ಬರುತ್ತೆ."

"ನಗಿಸ್ಬೇಡ, ಸೀರಿಯಸ್ಸಾಗಿ ಹೇಳ್ತಿದೀನಿ." ಅವನು ಹತ್ತಿರ ಬಂದ. "ಎರಡು ವರ್ಷದಿಂದ ನೋಡ್ತಿದೀನಿ. ಬೆಳಿಗ್ಗೆ ನಾನು ಹೊರಟಾಗ ನೀನು ಈ ಕಿಟಕೀಲಿ ನಿಂತಿರೋದು. ಪಾರ್ಕಿಂಗ್ ಲಾಟಿಂದ ತಿರುಗಿ ನೋಡೋಕೆ ನಂಗೆ ಭಯ. ಈ ಕೆಲಸ ತಗೋ ಮಾರಾಯ್ತಿ. ನೀನು ಒತ್ತಿ ಮುರಿದೆ, ಅವರು ಬೈದಿಲ್ಲ. ಕೆಲಸಾನೂ ಕೊಡ್ತಿದಾರೆ. ಬೇರೆ ಯಾರಾದ್ರೂ ಆಗಿದ್ರೆ ಕೇಸ್ ಹಾಕ್ತಿದ್ರು."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾರು ಉಕ್ಕಿ ಬಂತು. ಅವಳು ಚೊಂಬನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟಳು. ಕಿವಿಯಿಲ್ಲದ ಪಾತ್ರೆ, ಯಾರ ಠಸ್ಸೆಯೂ ಇಲ್ಲ. ಅದರ ತಳದಲ್ಲಿ ಬಡಿದವನ ಸುತ್ತಿಗೆಯ ಗುರುತು ಮಾತ್ರ ಮೀನಿನ ಹುರುಪೆಯ ಹಾಗೆ ಒತ್ತೊತ್ತಾಗಿ ಕಾಣುತ್ತಿತ್ತು.

ಅವಳಿಗೆ ಡಾಕ್ಟರ ಮೇಲೆ ಇದ್ದ ಸಿಟ್ಟೂ ಪೂರ್ತಿಯಾದದ್ದಲ್ಲ. ಕಾರಿನ ಚಾವಿಯ ಕತೆ ಅಡ್ಡ ಬರುತ್ತಿತ್ತು. ಇರಲಿ, ಎಂದುಕೊಂಡಳು. ಕಿವಿಯನ್ನು ಮತ್ತೆ ಬೆಸೆದು ಇಡುತ್ತಾರೆ. ಒಳಗೆ ಬಟ್ಟೆಯ ಗುರುತು ಇಲ್ಲ, ಇಲ್ಲದ್ದು ಇಲ್ಲವಾಗಿಯೇ ಇರುತ್ತದೆ. ಯಾವತ್ತಾದರೂ ತಿಳಿದವರೊಬ್ಬರು ಬಗ್ಗಿ ನೋಡಿದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಬಟ್ಟಲು ತಾನಾಗಿ ಸುಳ್ಳು ಹೇಳುವುದಿಲ್ಲ. ತಾನೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಒಬ್ಬಳು ನಿಲ್ಲುವಷ್ಟು ಜಾಗ ಇರಲೇಬೇಕಲ್ಲ.

"ಹೋಗ್ತೀನಿ," ಎಂದಳು. "ತಗೋತೀನಿ."

ಧೀರಜ್ ಬಿಸಿ ಸಾರನ್ನು ಚಮಚದಿಂದ ಹೀರಿ ಬಾಯಿ ಸುಟ್ಟುಕೊಂಡು ನಕ್ಕ.

*

ಮೇ ತಿಂಗಳ ಕೊನೆಗೆ ಅವನೇ ಅವಳನ್ನು ವರ್ಜೀನಿಯಾದ ಮ್ಯೂಸಿಯಮ್ಮಿನ ಬಾಗಿಲಲ್ಲಿ ಇಳಿಸಿದ. "ಎಸ್ ಅಂತ ಹೇಳು, ಥ್ಯಾಂಕ್ಯೂ ಅಂತ ಹೇಳು, ಬಾ. ಮೂರನೇ ಮಾತು ಬೇಡ," ಎಂದು ಹೇಳಿ ಪಾರ್ಕಿಂಗ್ ಹುಡುಕಲು ಹೋದ.

ಕೋಣೆಗೆ ಕೆನೆಬಣ್ಣದ ಹೊಸ ಸುಣ್ಣದ ವಾಸನೆ. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಡಾಕ್ಟರ್ ಬಸವಂತಪ್ಪ ಮತ್ತು ಶಾಂತಾಬಾಯಿ ಅವರ ಹೆಸರು. ಗೋಡೆಯುದ್ದಕ್ಕೂ ಗಾಜಿನೊಳಗೆ ತಟ್ಟೆ, ಮಗ್ಗು. ಚಮಚಗಳ ಮುಂದಿನ ಚೀಟಿ ಅವಳು ಬರೆದದ್ದೇ, ಕೊನೆಯ ಸಾಲಿನ ಜಾಗದಲ್ಲಿ ದಾನಿಗಳ ಹೆಸರು. ಟ್ರಸ್ಟಿಗಳು ಪಕ್ಕದ ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದರು, ಇನ್ನೇನು ಬರುವವರಿದ್ದರು.

"ಬಂದ್ಯಾ? ಬಾ ಬಾ," ಎಂದರು ಬಸವಂತಪ್ಪನವರು. ಕಪ್ಪು ಸೂಟು, ಹೊಸ ಟೈ. ಮುಖ ಮಗುವಿನ ಹಾಗೆ ತೊಳೆದಿಟ್ಟಂತಿತ್ತು. "ನಿನ್ನ ಕೈಲೇ ಇಡಬೇಕು ಅಂತ ನಾನ ಹೇಳೀನಿ. ಮಿಸೆಸ್ ಕಾಲ್ಡ್‌ವೆಲ್, ಇವಳೇ ನಮ್ಮ ನೀರಜಾ."

ಎತ್ತರದ, ಬೆಳ್ಳಿ ಕೂದಲಿನ ಹೆಂಗಸು ಅವಳ ಕೈ ಕುಲುಕಿ ಬಿಳಿ ಕೈಗವಸು ಕೊಟ್ಟಳು. ಬಟ್ಟಲು ಮೆತ್ತೆಯ ಮೇಲೆ ಕೂತಿತ್ತು, ಕಿವಿ ಇದ್ದಲ್ಲೇ ಇತ್ತು. ನೀರಜಾ ಅದನ್ನು ಎರಡೂ ಕೈಯಿಂದ ಎತ್ತಿ, ಅಭ್ಯಾಸಬಲದಿಂದ ಬೆಳಕಿಗೆ ಓರೆಮಾಡಿ ಒಳಗೆ ನೋಡಿದಳು.

ಒಳಗೋಡೆಯಲ್ಲಿ, ಕಿವಿಯ ಬೆನ್ನಿಗೆ ಸರಿಯಾಗಿ, ಬಟ್ಟೆಯ ಗುರುತು ಇತ್ತು.

ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು. ಇತ್ತು! ನಾನೇ ಸರಿಯಾಗಿ ನೋಡಿರಲಿಲ್ಲ, ನಾನೇ ಮುರಿದೆ, ನಾನೇ ಅನುಮಾನಪಟ್ಟೆ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗೆ. ಆಮೇಲೆ ಕಣ್ಣು ಮೆಲ್ಲಗೆ ಎಳೆಗಳನ್ನು ಹಿಡಿಯಿತು. ಎಳೆಗಳು ತೀರ ಚೊಕ್ಕವಾಗಿದ್ದವು. ಒರಟು ನಾರಿನ ನೂಲಲ್ಲ, ಸಣ್ಣ ಹತ್ತಿ, ಹತ್ತಿರ ಹತ್ತಿರ ನೇಯ್ದದ್ದು. ಒಂದು ಪಕ್ಕಕ್ಕೆ ನೇಯ್ಗೆ ಬದಲಾಗಿ, ಸಾಲಾಗಿ ಪುಟ್ಟ ಪುಟ್ಟ ಹಲ್ಲುಗಳು ಮೂಡಿದ್ದವು, ದೇವಸ್ಥಾನದ ಗೋಪುರದ ತುದಿಗಳ ಹಾಗೆ.

ಅವಳು ತಲೆಯೆತ್ತಿದಳು. ಎದುರಿಗೆ ಶಾಂತಾಬಾಯಿ ನಿಂತಿದ್ದರು. ಇಳಕಲ್ ಸೀರೆ ಉಟ್ಟಿದ್ದರು. ಸೆರಗಿನ ಅಂಚಿಗೆ ಅವೇ ಗೋಪುರಗಳು.

ಶಾಂತಾಬಾಯಿ ಪಕ್ಕಕ್ಕೆ ಸರಿದು ಬಂದು, ನಗು ತಡೆಯಲಾರದೆ, ಅವಳ ಕಿವಿಯಲ್ಲಿ ಉಸುರಿದರು. "ಗೊತ್ತಾತಲ್ಲ ನಿನಗ? ನಮ್ಮವ್ವನ ಹಳೇ ಸೀರಿ. ಹರದ ಸೆರಗು, ಎಸೀಲಾರದ ಇಟಗೊಂಡಿದ್ದೆ. ಆ ರಾಲಿಯಾಂವ ಕೈಮಗ್ಗದ ಹಳೇ ಅರಿವೆ ಬೇಕು, ಮಷೀನಿಂದು ನಡೆಯೂದಿಲ್ಲ ಅಂದ. ಇವರು ಮನಿಯೆಲ್ಲ ಹುಡುಕಿದ್ರು. ಕಡೀಕ ನಾನ ಕೊಟ್ಟೆ. ನೀ ಹೇಳಿದಂಗ ಮಾಡ್ಯಾನ ನೋಡು, ಮರಳು ತುಂಬಿ, ಒಳಗಿಂದ ಒತ್ತಿ. ನೀ ಅವತ್ತ ಇವರಿಗೆ ಹೇಳಿದಿಯಲ್ಲ, ಹಂಗ ಒಂದೂ ಬಿಡದ. ನಮ್ಮವ್ವ ಬೈಲಹೊಂಗಲ ದಾಟಿ ಹೋದಾಕಿ ಅಲ್ಲ, ಈಗ ನೋಡು, ಎಲ್ಲಿ ಬಂದು ಕುಂತಾಳ."

ಅವರ ಕಣ್ಣಲ್ಲಿ ನಗುವಿನ ಜೊತೆ ನೀರೂ ಇತ್ತು. ನೀರಜಾ ಬಟ್ಟಲನ್ನು ಮ್ಯೂಸಿಯಮ್ಮಿನ ಮೆತ್ತೆಯ ಮೇಲೆ ಇಟ್ಟಳು. ಬಟ್ಟಲು ತಾನಾಗಿ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದಳು. ಅದಕ್ಕೆ ಸುಳ್ಳು ಹೇಳಲು ಕಲಿಸಿದವಳು ಯಾರು?

"ನೀ ಹೇಳಿದ್ದಕ್ಕ ಆತು ನೋಡು," ಎಂದರು ಬಸವಂತಪ್ಪನವರು, ಹತ್ತಿರ ಬಂದು, ತಗ್ಗಿದ ದನಿಯಲ್ಲಿ. ಅದರಲ್ಲಿ ವ್ಯಂಗ್ಯ ಇರಲಿಲ್ಲ, ಮೆಚ್ಚಿಗೆ ಇತ್ತು. "ಈ ಗುರುತು ಇಲ್ಲಂದ್ರ ಯಾರರೆ ಒಬ್ರು ಮುಂದ ಹಿಡೀತಿದ್ರು. ನೀ ಉಳಿಸಿದಿ."

"ಅಂಕಲ್, ಇದು ಇಳಕಲ್ ಸೆರಗು."

"ಇಲ್ಲಿ ಯಾರಿಗೆ ಗೊತ್ತಾಗ್ತೈತಿ? ನಿನಗೂ ನನಗೂ."

ಅಷ್ಟರಲ್ಲಿ ಟ್ರಸ್ಟಿಗಳು ಬಂದರು, ಕಾಫಿಯ ವಾಸನೆಯ ಜೊತೆ, ಮೆಲ್ಲಗೆ ಮಾತಾಡುತ್ತ. ಎಲ್ಲರೂ ಪೆಟ್ಟಿಗೆಯ ಸುತ್ತ ನಿಂತರು. ಒಬ್ಬ ಮುದುಕ ಬಗ್ಗಿ, ಇಂಥದ್ದೇ ಒಂದು ನಮ್ಮಜ್ಜಿಯ ಮನೆಯಲ್ಲಿತ್ತು ಎಂದ. ಮಿಸೆಸ್ ಕಾಲ್ಡ್‌ವೆಲ್ ನೀರಜಾಳ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ಡಾಕ್ಟರ ಔದಾರ್ಯದಿಂದ ಈ ಕೋಣೆಗೆ ಒಬ್ಬ ಕ್ಯುರೇಟರ್ ಬಂದಿದ್ದಾರೆ, ಜೂನ್ ತಿಂಗಳಲ್ಲಿ ಕೆಲಸ ಶುರು ಮಾಡುತ್ತಾರೆ, ವೀಸಾದ ಕೆಲಸವನ್ನೆಲ್ಲ ನಮ್ಮ ವಕೀಲರು ನೋಡಿಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ಧೀರಜ್ ಬಂದು ನಿಂತಿದ್ದ, ಅವನೂ ತಟ್ಟಿದ.

"ಮೊದಲ ಕೆಲಸ ಈಗಲೇ," ಎಂದಳು ಮಿಸೆಸ್ ಕಾಲ್ಡ್‌ವೆಲ್ ನಗುತ್ತ. "ಬಟ್ಟೆಯ ಗುರುತಿನ ಕತೆಯನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು. ಇವರಿಗೆ ತೋರಿಸಿ. ಆ ಬಟ್ಟೆಯನ್ನು ಹಿಡಿದು ನಿಂತಿದ್ದ ಕೈಯ ಬಗ್ಗೆ ಹೇಳಿ."

"ಹೇಳವಾ ತಂಗಿ," ಎಂದರು ಬಸವಂತಪ್ಪನವರು ಕನ್ನಡದಲ್ಲಿ. ದನಿಯಲ್ಲಿ ಬೇಡಿಕೆ ಇತ್ತು. "ನೀ ಹೇಳಿದ್ರ ಚಂದ."

ನೀರಜಾ ಕೈಗವಸುಗಳನ್ನು ಒಂದೊಂದಾಗಿ ಕಳಚಿ, ಮಡಿಸಿ, ಗಾಜಿನ ಮೇಲಿಟ್ಟಳು. ಬಾಗಿಲಲ್ಲಿ ಧೀರಜ್ ತಲೆಯಾಡಿಸುತ್ತಿದ್ದ, ಹೂಂ ಅನ್ನು, ಹೂಂ ಅನ್ನು ಎಂಬ ಹಾಗೆ.

"ಇಲ್ಲ," ಎಂದಳು, ಮೊದಲು ಇಂಗ್ಲಿಷಿನಲ್ಲಿ. ಮಿಸೆಸ್ ಕಾಲ್ಡ್‌ವೆಲ್ ಕೇಳಿಸಲಿಲ್ಲವೆಂಬಂತೆ ಕಿವಿ ಮುಂದೆ ತಂದಳು. ನೀರಜಾ ಬಸವಂತಪ್ಪನವರ ಕಡೆ ತಿರುಗಿದಳು.

"ನಾನು ಹೇಳಲ್ಲ ಅಂಕಲ್. ಈ ಕೆಲಸ ನಂಗೆ ಬೇಡ."